ಕೂಸು ಹೊರಳಿದ ತಾಸು

ಈಗ ಜೋಯಿಡಾದಿಂದ, ಮುಂಡಗೋಡದಿಂದ ನರ್ಸುಗಳು ನಮ್ಮ ಹೆರಿಗೆ ವಾರ್ಡಿನ ನರ್ಸೊಬ್ಬಳ ಹತ್ತಿರ ಕಲಿಯಲು ಬರುತ್ತಾರೆ. ಹೆರಿಗೆ ಆರೈಕೆಯ ವಿಶೇಷ ತರಬೇತಿಗೆಂದು ಅವಳು ರಜೆ ಕೇಳಿದ ದಿನ ಮಾತ್ರ ನಮ್ಮ ಆಸ್ಪತ್ರೆಯೆಲ್ಲ ನಕ್ಕಿತ್ತು. "ಇಷ್ಟ ವರ್ಷ ಹೆರಿಗಿ ಮಾಡ್ಸ್ಯಾಳ, ಈಗ ಹೆರಿಗಿ ಮಾಡಸೂದು ಕಲಿಯಾಕ ಹೊಂಟಾಳ" ಎಂದು ಔಷಧಿ ಕೊಡುವವರು ಚೇಷ್ಟೆ ಮಾಡಿದರು. ಅವಳು ದಾಂಡೇಲಿಯ ಮಿಲ್ಲಿನಲ್ಲಿದ್ದ ಗಂಡನಿಗೆ ಮಕ್ಕಳನ್ನು ಒಪ್ಪಿಸಿ ಹೋದಳು. ಒಂದೂವರೆ ವರ್ಷ ಓದಿ ಬಂದಳು.

ನಾನಾಗ ಹೆರಿಗೆ ವಾರ್ಡಿನ ಮುಖ್ಯಸ್ಥೆ. ಚಾದರದ ಮೂಲೆ ಮಡಿಸುವುದಕ್ಕೂ ಒಂದು ಕ್ರಮವಿದೆ ಎಂದು ಕಲಿತವಳು. ಹೆರಿಗೆ ನೋವಿನ ಹೆಂಗಸು ಮಂಚದ ಮೇಲೆ ಅಂಗಾತ ಮಲಗಬೇಕು, ನರ್ಸು ಬಲಗಡೆ ನಿಲ್ಲಬೇಕು. ಅದು ಕ್ರಮ.

ಅವಳು ಮರಳಿದ ಕೆಲವೇ ದಿನಗಳಲ್ಲಿ, ಒಂದು ಮುಂಜಾನೆ, ಹಳಿಯಾಳದಾಚೆಯ ಹಳ್ಳಿಯಿಂದ ಸಿದ್ದಿ ಹೆಣ್ಣುಮಗಳೊಬ್ಬಳು ಚೊಚ್ಚಲ ಹೆರಿಗೆಗೆ ಬಂದಳು. ಜೊತೆಗೆ ಅವಳ ತಾಯಿ. ಮಧ್ಯಾಹ್ನವಾದರೂ ನೋವು ಇದ್ದೇ ಇತ್ತು, ಕೂಸು ಕೆಳಗಿಳಿಯಲಿಲ್ಲ. ಡಾಕ್ಟರು ನೋಡಿ, "ಧಾರವಾಡಕ್ಕ ಕಳಸೂಣು, ಆಪರೇಷನ್ ಆಗಬಹುದು" ಎಂದರು.

ಹೆಣ್ಣುಮಗಳು ನನ್ನ ಕೈ ಹಿಡಿದಳು. "ಕಳಸಬ್ಯಾಡ್ರಿ ಅಕ್ಕಾರ. ನಮ್ಮಕ್ಕ ಹಿಂಗ ಹೋಗೂವಾಗ ದಾರ್ಯಾಗ ಹಡದ್ಲು. ಕೂಸು ಉಳೀಲಿಲ್ಲ."

ಓದಿ ಬಂದವಳು ಅವಳ ಹೊಟ್ಟೆಯ ಮೇಲೆ ಎರಡೂ ಅಂಗೈ ಇಟ್ಟು ನಿಧಾನವಾಗಿ ತಡಕಿದಳು. "ಸರ್, ಕೂಸಿನ ಬೆನ್ನು ತಾಯಿ ಬೆನ್ನಿಗೆ ಹತ್ತೇತಿ. ಅದಕ್ಕ ತಲಿ ಇಳಿಯಾಕ ಹಾದಿ ಸಿಗವಲ್ದು. ಎದಿ ಬಡಿತ ಚಲೋ ಐತಿ. ಒಂದ ತಾಸು ಕೊಡ್ರಿ."

ಡಾಕ್ಟರು ನನ್ನ ಮುಖ ನೋಡಿದರು. ಆಂಬುಲೆನ್ಸನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು, "ಒಂದ ತಾಸು. ಅದರ ಮ್ಯಾಲೆ ಇಲ್ಲ" ಎಂದೆ.

ಅವಳು ನೆಲಕ್ಕೆ ಚಾಪೆ ಹಾಸಿದಳು. ಹೆಣ್ಣುಮಗಳನ್ನು ಮಂಚದಿಂದ ಇಳಿಸಿ ಮೊಣಕಾಲು, ಅಂಗೈ ಊರಿಸಿದಳು. ತಾಯಿ ಬಾಗಿಲಿಂದ ಇಣುಕಿದಳು. "ಏನವ್ವಾ, ದವಾಖಾನಿ ನೆಲಾ ಸಾರಸಾಕ ಹಚ್ಚೀಯೇನು ನನ್ನ ಮಗಳ್ನ?"

"ಹೂಂನ್ರಿ ಅವ್ವಾರ. ಸಗಣಿ ಒಂದ ಕಡಿಮಿ ಬಿದ್ದೈತಿ, ನೀವು ತರ್ರಿ."

ನೋವಿನಲ್ಲೂ ಹೆಣ್ಣುಮಗಳು ನಕ್ಕಳು. "ಮನ್ಯಾಗ ಸಾರಸ್ತೀಯಲ್ಲ, ಹಂಗ ಸೊಂಟ ಆಡಸು ತಂಗಿ. ಆ ಕಡೆ, ಈ ಕಡೆ" ಎಂದಳು ನರ್ಸು. ಅದನ್ನು ಅವಳಿಗೆ ಮತ್ತೆ ಹೇಳಬೇಕಾಗಲಿಲ್ಲ.

ಎದೆಬಡಿತ ಕೇಳಿಸುವ ಯಂತ್ರವನ್ನು ಹೊಟ್ಟೆಗಿಟ್ಟರೆ, ಮೊದಲು ಸಪ್ಪಳ ಪಕ್ಕೆಯ ಅಂಚಿನಲ್ಲಿ, ಗೋಡೆಯಾಚೆಯಿಂದ ಬಂದಂತೆ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅದೇ ಜಾಗದಲ್ಲಿ ಏನೂ ಕೇಳಲಿಲ್ಲ. ನಾನು ಬಾಗಿಲಲ್ಲಿದ್ದ ಆಂಬುಲೆನ್ಸಿನತ್ತ ನೋಡಿದೆ. ಅವಳು ಮಾತ್ರ ಯಂತ್ರವನ್ನು ಬೆರಳಗಲ ಬೆರಳಗಲ ಸರಿಸುತ್ತ ಹೋದಳು. ಹೊಕ್ಕುಳದ ಸಮೀಪ ಬಂದಾಗ ಬಡಿತ ಜೋರಾಗಿ, ಸ್ವಚ್ಛವಾಗಿ ಕೇಳಿತು.

"ಅಕ್ಕಾರ, ಇಲ್ಲೆ ಕೈ ಇಡ್ರಿ."

ಸೀರೆ ಸಾವರಿಸಿಕೊಂಡು ಚಾಪೆಯ ಮೇಲೆ ಮೊಣಕಾಲೂರಿದೆ. ಆ ಮುಂಜಾನೆ ನಾನು ತಡಕಿದಾಗ ಪುಟ್ಟ ಕೈಕಾಲುಗಳ ಗಂಟು ಸಿಕ್ಕಿದ್ದ ಜಾಗದಲ್ಲಿ ಈಗ ಉದ್ದಕ್ಕೆ, ನುಣ್ಣಗೆ, ಗಟ್ಟಿಯಾಗಿ ಏನೋ ಇತ್ತು. ಬೆನ್ನು. ಮುಂದಿನ ನೋವು ಬಂತು. ಆ ಬೆನ್ನು ನನ್ನ ಅಂಗೈ ಕೆಳಗೇ ಇನ್ನಷ್ಟು ಸರಿಯಿತು.

ಅದುವರೆಗೆ ನನ್ನ ಕೈಗೆ ಬಂದ ಕೂಸುಗಳೆಲ್ಲ ಹೊರಗೆ ಬಂದ ಮೇಲಷ್ಟೇ ನನ್ನವಾಗಿದ್ದವು. ಯಾರೂ ಕಾಣದ ಆ ಕತ್ತಲಲ್ಲಿ, ಇನ್ನೂ ಹೆಸರಿಲ್ಲದ ಒಂದು ಜೀವ ತನ್ನ ಹಾದಿಗೆ ತಾನೇ ಮಗ್ಗುಲು ಬದಲಿಸುವುದನ್ನು ನಾನು ಮುಟ್ಟಿ ತಿಳಿದದ್ದು ಅಂದೇ. ಕೈ ತೆಗೆಯಲು ಮನಸ್ಸಾಗಲಿಲ್ಲ. ಗುಡಿಯಲ್ಲಿ ಕಣ್ಣು ಮುಚ್ಚಿ ನಿಂತಾಗಲೂ ನನಗೆ ಅಂಥ ಮೌನ ಸಿಕ್ಕಿಲ್ಲ.

ಡಾಕ್ಟರು ಬಂದು ಪರೀಕ್ಷಿಸಿ, ತಲೆ ಇಳಿಯುತ್ತಿದೆ ಎಂದು ಆಂಬುಲೆನ್ಸನ್ನು ಖಾಲಿಯೇ ಕಳಿಸಿಬಿಟ್ಟರು. ಸಂಜೆಯ ಚಹಾದ ಹೊತ್ತಿಗೆ, ಅದೇ ಚಾಪೆಯ ಮೇಲೆ ಹೆಣ್ಣುಕೂಸು ಹುಟ್ಟಿ ವಾರ್ಡೆಲ್ಲ ಕೇಳುವಂತೆ ಅತ್ತಿತು.

"ಎಲ್ಲಾ ಹಿಂಗ ತಿರಗತಾವೇನು?" ಎಂದು ಅವಳನ್ನು ಕೇಳಿದೆ.

"ಇಲ್ರಿ ಅಕ್ಕಾರ. ತಿರಗದಿದ್ರ ಯಾವಾಗ ಕಳಸಬೇಕು ಅನ್ನೂದನ್ನೂ ಅಲ್ಲೇ ಕಲಿಸ್ಯಾರ."

ಕೂಸನ್ನು ಎದೆಗವಚಿಕೊಂಡಿದ್ದ ಬಾಣಂತಿ ನನ್ನತ್ತ ನೋಡಿದಳು. "ಅಕ್ಕಾರ, ಇನ್ನರ ಮಂಚದ ಮ್ಯಾಲೆ ಮಲಗ್ಲೇನ್ರಿ?"

"ಮಲಕೋ ನನ್ನವ್ವ" ಎಂದು, ನಾನೇ ಹೊಸ ಚಾದರ ಹಾಸಿದೆ.