ಸೀಸದ ಗೂಡಿನಲ್ಲಿ ಮಾಗಳದ ಮಣ್ಣು

ಕಳೆದ ಮಾಘದ ಒಂದು ಸೋಮವಾರ ಮಧ್ಯಾಹ್ನ ನಮ್ಮೂರು ಮಾಗಳದಲ್ಲಿ ನಮ್ಮವ್ವ ತೀರಿಕೊಂಡಳು. ಆ ಹೊತ್ತಿಗೆ ನಾನು ಕೋಲ್ಕತ್ತದ ಪ್ರಯೋಗಾಲಯವೊಂದರಲ್ಲಿ ವಿಕಿರಣ ಅಳೆಯುವ ಡಿಟೆಕ್ಟರ್‌ನ ಡಿಜಿಟಲ್ ಫಿಲ್ಟರ್ ಹೊಂದಿಸುತ್ತಿದ್ದೆ. ಸುದ್ದಿ ಕೇಳಿ ನನ್ನ ಬಾಯಿಂದ ಬಂದ ಕನ್ನಡ ಆ ಕೋಣೆಯಲ್ಲಿ ಯಾರಿಗೂ ತಿಳಿಯಲಿಲ್ಲ.

"ಮಣ್ಣಿಗೆ ಬರಾಕ ಆಗ್ತೈತೇನವಾ?" ಎಂದು ಫೋನಿನಲ್ಲಿ ಅಣ್ಣ ಕೇಳಿದ. ರೈಲಿನಲ್ಲಿ ಎರಡು ರಾತ್ರಿಯ ದಾರಿ. ಮಣ್ಣು, ಅಂದರೆ ಹೂಳುವುದು, ಮರುದಿನ ಬೆಳಗ್ಗೆ.

"ಕಾಯಬ್ಯಾಡಣ್ಣ" ಎಂದೆ.

ಇಲ್ಲಿ ಸುಟ್ಟು ಬೂದಿಯನ್ನು ಗಂಗೆಗೆ ಬಿಡುತ್ತಾರೆ. ನಮ್ಮಲ್ಲಿ ಕುಣಿಗಿಳಿಸಿದ ಮೇಲೆ ಮಕ್ಕಳು ಒಂದೊಂದು ಹಿಡಿ ಮಣ್ಣು ಹಾಕಬೇಕು. ನನ್ನ ಪಾಲಿನ ಹಿಡಿಯನ್ನು ಅಣ್ಣ ಬಟ್ಟೆಯಲ್ಲಿ ಕಟ್ಟಿಟ್ಟು ಅಂಚೆಗೆ ಹಾಕಿದ. ನಾನು ಕೈ ಮುಟ್ಟಿಸಿ ಹಿಂದಕ್ಕೆ ಕಳಿಸಬೇಕು. ಸಮಾಧಿಯ ಮೇಲೆ ಕಟ್ಟೆ ಕಟ್ಟುವ ಮೊದಲು ಅವನು ಅದನ್ನು ಹಾಕುತ್ತಾನೆ.

"ಅಂಚಿ ಆಫೀಸಿನ್ಯಾಗ ಒಳಗೇನೈತಿ ಅಂತ ಕೇಳಿದ್ರು. ಗುರೆಳ್ಳು ಪುಡಿ ಅಂದೆ. ಬಣ್ಣಾನೂ ಹಂಗ ಐತಿ" ಎಂದ.

ಸಾಸಿವೆ ಎಣ್ಣೆಯ ಅಡುಗೆ ನನಗೆ ಇನ್ನೂ ಒಗ್ಗಿಲ್ಲ. ಒಗ್ಗಿದ್ದು ಮುರಿ, ಅಂದರೆ ನಮ್ಮ ಮಂಡಕ್ಕಿ. ಅವ್ವ ಕಳಿಸುತ್ತಿದ್ದ ಗುರೆಳ್ಳು ಪುಡಿಯನ್ನು ಮುರಿಗೆ ಕಲಸಿ ತಿನ್ನುವ ರುಚಿಯನ್ನು ನಮ್ಮ ಹಿರಿಯ ಸಹೋದ್ಯೋಗಿಗೂ ಹಚ್ಚಿದ್ದೆ. ಅವರನ್ನು ದಿದಿ, ಅಂದರೆ ಅಕ್ಕ, ಎನ್ನುತ್ತೇನೆ. ಪೊಟ್ಟಣ ಪ್ರಯೋಗಾಲಯಕ್ಕೆ ಬಂದ ದಿನ ನಾನು ಒಳಬರುವಷ್ಟರಲ್ಲಿ ದಿದಿ ಬಟ್ಟಲಿಗೆ ಮುರಿ ಸುರಿದು, ಗಂಟು ಬಿಚ್ಚಿ, ಚಮಚ ಹಿಡಿದಿದ್ದರು.

"ಈ ಸಲ ಯಾರು ಮಾಡಿದ್ದು? ಹುರಿದ ವಾಸನೆಯೇ ಇಲ್ಲ."

"ಅದು ಮಣ್ಣು, ದಿದಿ. ಅವ್ವನ ಕುಣಿಯದು."

ಅವರು ಚಮಚ ಕೆಳಗಿಟ್ಟರು. ಆ ಮುರಿಯನ್ನು ಯಾರೂ ತಿನ್ನಲಿಲ್ಲ.

ಡಿಟೆಕ್ಟರ್‌ಗೆ ಕಿರಣ ಬಡಿದಾಗ ಏಳುವ ಪಲ್ಸ್ ತಟ್ಟನೆ ಏರಿ ನಿಧಾನವಾಗಿ ಇಳಿಯುತ್ತದೆ. ಇಳಿಯುವ ಭಾಗವನ್ನು ಬಾಲ ಎನ್ನುತ್ತೇವೆ. ಬಾಲದ ಅವಧಿಯನ್ನು ಫಿಲ್ಟರ್‌ಗೆ ತಪ್ಪಾಗಿ ಕೊಟ್ಟರೆ ಹಿಂದಿನ ಪಲ್ಸಿನ ಉಳಿಕೆ ಮುಂದಿನದರ ಎತ್ತರವನ್ನು ಕೆಡಿಸುತ್ತದೆ. ಪಲ್ಸ್‌ಗಳ ಎತ್ತರ ಎಣಿಸಿ ಪರದೆಯ ಮೇಲೆ ಮೂಡುವ ಶಿಖರ ಅಗಲವಾಗುತ್ತದೆ. ಆ ವಾರ ನನ್ನ ಶಿಖರಗಳೆಲ್ಲ ಅಗಲವಾಗಿದ್ದವು. ದಿದಿ ಪಕ್ಕದಲ್ಲಿ ಕೂತು ಬಾಲದ ಲೆಕ್ಕ ತಿದ್ದಿಸಿದರು. ಪರೀಕ್ಷೆಗೆ ಮಣ್ಣಿನಂಥ, ವಿಕಿರಣ ತೀರ ಕಡಿಮೆ ಇರುವ ಮಾದರಿಯೊಂದು ಬೇಕಿತ್ತು.

"ಬೇಡ ಅನಿಸಿದರೆ ಬೇಡ" ಎಂದು ಪೊಟ್ಟಣದ ಕಡೆ ನೋಡಿದರು.

ಹೊರಗಿನ ವಿಕಿರಣವನ್ನು ಬಹುಮಟ್ಟಿಗೆ ತಡೆಯುವ ಸೀಸದ ಗೂಡಿನೊಳಗೆ, ಡಿಟೆಕ್ಟರ್‌ನ ಮುಂದೆ, ನಾನೇ ಅದನ್ನು ಇಟ್ಟೆ. ಇಂಥ ಮಾದರಿಯಿಂದ ಪಲ್ಸ್‌ಗಳು ಬಿಡಿಬಿಡಿಯಾಗಿ ಬರುತ್ತವೆ. ಫಿಲ್ಟರ್ ಒಂದೊಂದಕ್ಕೂ ಹೆಚ್ಚು ಹೊತ್ತು ತೆಗೆದುಕೊಳ್ಳಬಹುದು. ಆ ಸಮಯವನ್ನು ಉದ್ದ ಮಾಡಿದೆ. ಸಂಜೆಗೆ ಮಣ್ಣಿನಲ್ಲಿರುವ ಪೊಟ್ಯಾಸಿಯಂನ ಶಿಖರ ತೆಳ್ಳಗೆ, ನೇರವಾಗಿ ನಿಂತಿತ್ತು. ಗೂಡು ಖಾಲಿ ಇದ್ದಾಗಲೂ ಇಲ್ಲಿನ ಗೋಡೆಯ ಇಟ್ಟಿಗೆಯಿಂದ ಅದೇ ಜಾಗದಲ್ಲಿ ಗಿಡ್ಡ ಶಿಖರವೊಂದು ಏಳುತ್ತದೆ.

"ಏನ್ ಕಾಣಿಸ್ತು?" ಎಂದ ಅಣ್ಣ, ರಾತ್ರಿ ಫೋನಿನಲ್ಲಿ ಇದನ್ನು ಹೇಳಿದಾಗ.

"ಇಲ್ಲಿ ಗ್ವಾಡ್ಯಾಗ ಇರೋದ."

"ಅಷ್ಟಕ್ಕ ಅಷ್ಟು ದೂರ ಹೋಗಿ ಓದಿದೇನು?" ನಕ್ಕ. "ಲಗೂನ ಕಳಿಸವಾ. ಕಟ್ಟಿ ಕಟ್ಟಾಕ ಗೌಂಡಿ ಬರ್ತಾನ."

ಅಂಚೆ ಕಚೇರಿಯ ತನಕ ಹೋಗಿ ತಿರುಗಿ ಬಂದೆ. ಕಳಿಸಿದರೆ ನನ್ನ ಬಾಸಾದಲ್ಲಿ, ಅಂದರೆ ಈ ಬಾಡಿಗೆ ಮನೆಯಲ್ಲಿ, ಅವ್ವನದೇನೂ ಉಳಿಯದು. ಇಟ್ಟುಕೊಂಡರೆ ಅಲ್ಲಿ ನನ್ನ ಹಿಡಿ ಇರದು.

ಕಟ್ಟೆ ಕಳೆದ ವಾರ ಮುಗಿಯಿತು. ಅಣ್ಣ ಫೋಟೊ ಕಳಿಸಿದ್ದಾನೆ. ತಲೆಯ ಕಡೆ ಒಂದು ಹಿಡಿಯಷ್ಟು ಜಾಗಕ್ಕೆ ಗೌಂಡಿ ಸಿಮೆಂಟು ಹಾಕಿಲ್ಲ. ಪೊಟ್ಟಣ ನನ್ನ ಕಿಟಕಿಯಲ್ಲಿದೆ.