ಬಾಳೆ ಎಲೆಗೆ ಸೋತ ಸಿಗ್ನಲ್ಲು

ಬುಕ್ಕಸಾಗರದ ಫೈವ್ ಜಿ ವರದಿಗೆ ಸಹಿ ಹಾಕಿದವನು ನಾನೇ. ಟವರಿನ ಸಿಗ್ನಲ್ ಎಲ್ಲಿ ಎಷ್ಟು ಸಿಗುತ್ತದೆಂದು ಊರೂರು ತಿರುಗಿ ಅಳೆಯುವುದು ನನ್ನ ಕೆಲಸ. ಸಂಡೂರಿನ ಗುಡ್ಡಗಳಲ್ಲಿ ಪಳಗಿದ್ದವನು. ಹಾಗಾಗಿ ಹಂಪಿ ಸುತ್ತಲಿನ ಬಂಡೆಗಳನ್ನೆಲ್ಲ ನೋಡಿ, ಅವುಗಳ ಸಂದಿಯಲ್ಲಿ ದಾರಿ ಹುಡುಕಿ, ಮೂರೂವರೆ ಸಾವಿರ ಮೆಗಾಹರ್ಟ್ಸ್ ಬ್ಯಾಂಡಿನ ಅಲೆಗಳೇ ಈ ಊರಿಗೆ ಸಾಕು ಎಂದು ಬರೆದೆ. ವೇಗದಲ್ಲಿ ಅದಕ್ಕೆ ಸಾಟಿಯಿಲ್ಲ. ಆವತ್ತು ಫೋನಿನ ತುಂಬ ಸಿಗ್ನಲ್ ಕಡ್ಡಿ, ನನ್ನ ತಲೆ ತುಂಬ ಸೊಕ್ಕು.

ಎಂಟು ತಿಂಗಳಾದ ಮೇಲೆ ಅಲ್ಲಿನ ಆರೋಗ್ಯ ಉಪಕೇಂದ್ರದ ಸಿಸ್ಟರ್ ಫೋನ್ ಮಾಡಿದರು. ರೋಗಿಗಳನ್ನು ಹೊಸಪೇಟೆಯ ಡಾಕ್ಟರಿಗೆ ವಿಡಿಯೋದಲ್ಲಿ ತೋರಿಸುವವರು ಅವರು. ಈಗ ಡಾಕ್ಟರ್ ಬಾಯಿ ತೆರೆದಲ್ಲೇ ಚಿತ್ರ ನಿಂತುಬಿಡುತ್ತಿತ್ತಂತೆ. ಸಕ್ಕರೆ ಕಾಯಿಲೆಯ ಒಬ್ಬ ಅಜ್ಜಿಯ ಕಾಲಿನ ಹುಣ್ಣನ್ನು ಡಾಕ್ಟರ್ ಪದೇ ಪದೇ ನೋಡಬೇಕಿತ್ತು. ಕಾಲು ಊರಲಾಗದ ಅಜ್ಜಿಯನ್ನು ಪ್ರತಿಸಲ ಬಸ್ಸಿಗೆ ಹತ್ತಿಸುವುದು ಹೇಗೆ?

"ನಿಮ್ಮ ಫೋನ್ ಹಳೇದಿರಬೇಕ್ರಿ," ಎಂದೆ.

"ಕುಣಿಯಾಕ ಬರದಾಕಿ ನೆಲ ಡೊಂಕು ಅಂದ್ಲಂತ! ಮೊದ್ಲು ಬಂದು ನೋಡ್ರಿ."

ಸಿಟ್ಟಿನಲ್ಲೇ ಹೋದೆ. ಬೈಕ್ ನಿಲ್ಲಿಸಿದರೆ ಜಾಗದ ಗುರುತೇ ಸಿಗಲಿಲ್ಲ. ನಾನು ಅಳೆದಾಗ ಉಪಕೇಂದ್ರದ ಮಗ್ಗುಲು ಬಯಲಾಗಿತ್ತು. ಬಾಳೆಗೊನೆ ಇಳಿಸಿ, ಗಿಡ ಕಡಿದು, ನೆಲ ಹಸನು ಮಾಡಿದ್ದರು. ಈಗ ಟವರಿನ ಕಡೆಗೆ ಕಟ್ಟಡಕ್ಕಿಂತ ಎತ್ತರದ ಸುಗಂಧಿ ಬಾಳೆ. ನೀರು ತುಂಬಿದ ಆ ಎಲೆಗಳು ಮೂರೂವರೆ ಸಾವಿರದ ಅಲೆಗಳನ್ನು ನುಂಗಿ ಕೂತಿದ್ದವು. ಕಲ್ಲಿಗೆ ಹೆದರಿದ ನಾನು ಎಲೆಯನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ತೋಟದ ಯಜಮಾನರು ನಕ್ಕರು. "ಬಾಳಿ ಕಡದಾಗ ಬಂದು ಅಳದ್ರ ಹೆಂಗ್ರಿ? ವರ್ಷದಾಗ ಎಷ್ಟು ದಿನ ಬಯಲಿರತೈತಿ ಇದು?"

ನಾಚಿಕೆಯಾಯಿತು. ಸಾಲುಗಳ ನಡುವೆ ಹೆಜ್ಜೆ ಹೆಜ್ಜೆಗೂ ನಿಂತು ಮತ್ತೆ ಅಳೆದೆ. ಏಳುನೂರು ಮೆಗಾಹರ್ಟ್ಸ್ ಬ್ಯಾಂಡ್ ಅಷ್ಟು ಓಡುವುದಿಲ್ಲ ನಿಜ, ಆದರೆ ಎಲೆಯನ್ನೂ ಗೋಡೆಯನ್ನೂ ದಾಟಿ ಬರುತ್ತದೆ. ಡಾಕ್ಟರ ಮುಖ ತೋರಿಸಲು ಅದರ ವೇಗ ಧಾರಾಳ. ಖಾಲಿ ಹೊಲದಲ್ಲಿ ಅಳೆದದ್ದು ನನ್ನ ತಪ್ಪು, ಏಳುನೂರರ ಆಂಟೆನಾ ಬೇಕು ಎಂದು ಬರೆದು ನಮ್ಮ ಸಾಹೇಬರ ಮುಂದಿಟ್ಟೆ.

"ನಿನ್ನ ತಪ್ಪು ನೀನ ಬರಕೊಡ್ತೀಯೇನಲೇ? ಕಮಲಾಪುರ, ಕಂಪ್ಲಿದೂ ಹಿಂಗ ಮಾಡೀಯೇನು?"

"ಹೌದ್ರಿ. ಅವನ್ನೂ ಮತ್ತ ಅಳೀತೀನಿ."

ಬೈಗುಳಕ್ಕೆ ಕಾದು ನಿಂತಿದ್ದೆ. ಅವರು ಪೆನ್ನು ತೆಗೆದು ಸಹಿ ಹಾಕಿದರು.

ಆಂಟೆನಾ ಕೂರಿಸಿದ ದಿನ ನಾನು ಟವರಿನ ಹತ್ತಿರ ನಿಲ್ಲದೆ ನೇರ ಉಪಕೇಂದ್ರಕ್ಕೆ ಓಡಿದೆ. ಅಜ್ಜಿ ಕಾಲು ಚಾಚಿ ಕೂತಿದ್ದರು. ಸಿಸ್ಟರ್ ಕರೆ ಮಾಡಿದರು. ಡಾಕ್ಟರ ಮುಖ ಬಂತು. ಸಿಸ್ಟರ್ ಫೋನನ್ನು ಹುಣ್ಣಿನ ಸುತ್ತ ನಿಧಾನ ತಿರುಗಿಸಿದರು.

"ಒಳಗ ಹೊಸಾ ಕೆಂಪು ಮಾಂಸ ಬರಾಕತ್ತೈತಿ, ಚಲೋ ಆಗಾಕತ್ತೈತಿ. ಇಲ್ಲಿಗೆ ಬರೋದು ಬ್ಯಾಡ ಅಮ್ಮಾ," ಎಂದರು ಡಾಕ್ಟರ್.

ಅಜ್ಜಿ ಫೋನನ್ನು ಹತ್ತಿರ ಎಳೆದುಕೊಂಡು ಕಣ್ಣು ಕಿರಿದು ಮಾಡಿ ನೋಡಿದರು. "ಸಾಹೇಬ್ರ, ಕನ್ನಡಕ ಒರಸ್ಕೊಳ್ರಿ. ಭಾಳ ಧೂಳ ಕುಂತೈತಿ."

ಡಾಕ್ಟರ್ ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿ ಮತ್ತೆ ಹಾಕಿಕೊಂಡರು. ಅಷ್ಟೂ ಹೊತ್ತು ಚಿತ್ರ ಒಮ್ಮೆಯೂ ನಿಲ್ಲಲಿಲ್ಲ. ನಾನು ಸಿಸ್ಟರ್ ಎದುರಿಗೇ ಚಪ್ಪಾಳೆ ತಟ್ಟಿಬಿಟ್ಟೆ.