ದಾರದಜ್ಜಿಯ ಕಿವಿಪಾಠ

"ಆ ಮನೆಗೆ ಕೊಟ್ಟ ಬಟ್ಟೆಯೂ ಕಳೆಯಲ್ಲ, ಆಡಿದ ಮಾತೂ ಕಳೆಯಲ್ಲ" ಎಂದು ಅಕ್ಕಪಕ್ಕದವರು ಹೇಳುತ್ತಿದ್ದರು. ಇಸ್ತ್ರಿ ಹಾಕುವ ಆ ಮುದುಕಿ ಇಡೀ ಬೀದಿಗೆ ದಾರದಜ್ಜಿ. ನಲವತ್ತು ಮನೆಯ ಬಟ್ಟೆ ಅವಳ ಮೇಜಿಗೆ ಬಂದು ಬೀಳುತ್ತಿತ್ತು, ಯಾವುದರ ಮೇಲೂ ಅವಳು ಹೆಸರು ಬರೆದವಳಲ್ಲ. ಕಾಲರಿನ ಒಳಗೆ ಬಣ್ಣದ ದಾರದ ಹೊಲಿಗೆ ಹಾಕುತ್ತಿದ್ದಳು: ಡಾಕ್ಟರ ಮನೆಗೆ ಎರಡು ಕೆಂಪು, ಮೂಲೆಮನೆಗೆ ಒಂದು ನೀಲಿ. ಹೋದ ವರ್ಷ ಯಾರ ಅಂಗಿಗೆ ಗುಂಡಿ ಇರಲಿಲ್ಲ ಎಂದು ಕೇಳಿದರೂ ಥಟ್ಟನೆ ಹೇಳುವಳು.

"ನಿನ್ನ ತಲೇಲಿ ಎಷ್ಟು ಬೀರು ಇಟ್ಕೊಂಡಿದ್ದೀಯಜ್ಜಿ?" ಎಂದು ಜನ ನಗುತ್ತಿದ್ದರು. ಅಜ್ಜಿಯೂ ನಗುತ್ತಿದ್ದಳು. ಹೆಸರು ಬರೆಯದೆ ದಾರ ಯಾಕೆ ಎಂದು ಮಾತ್ರ ಯಾರೂ ಕೇಳಲಿಲ್ಲ.

ಅಕ್ಷರ ಅವಳಿಗೆ ಒಲಿದಿರಲಿಲ್ಲ. ಅವಳ ಅಣ್ಣನಿಗೂ ಅಷ್ಟೇ. ಅಣ್ಣನಿಗೆ ಎಂಟು ವರ್ಷ, ಅವಳಿಗೆ ಆರು ಆಗಿದ್ದಾಗ, ಇದೇ ಮನೆಗೆ ಶಾಲೆಯ ಕಡೆಯವರೊಬ್ಬರು ಬಂದು, "ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ" ಎಂದರು. ಒಂದು ಬೆಳಿಗ್ಗೆ ಬಿಳಿ ವ್ಯಾನು ಬಂತು. ಅಣ್ಣ ಸ್ಲೇಟನ್ನು ಕಂಕುಳಲ್ಲಿ ಇರುಕಿಕೊಂಡು ಹತ್ತಿದ. ಎರಡು ವರ್ಷದ ಮೇಲೆ ಕಾಗದವೊಂದು ಬಂತು, ಪಕ್ಕದ ಮನೆಯವರು ಓದಿ ಹೇಳಿದರು: ಜ್ವರ ಬಂದು ತೀರಿಹೋದನಂತೆ. ತನಗೂ ಓದಲು ಬರುವುದಿಲ್ಲವೆಂದು ಅವಳು ಮತ್ತೆಂದೂ ಬಾಯಿ ಬಿಡಲಿಲ್ಲ. ಯಾರಾದರೂ ಕಾಗದ ಕೊಟ್ಟರೆ "ಕನ್ನಡಕ ಎಲ್ಲಿಟ್ಟೆನೋ" ಎನ್ನುವಳು. ಅವಳಿಗೆ ಕನ್ನಡಕವೇ ಇರಲಿಲ್ಲ.

ಮಗಳು ಹುಟ್ಟಿದಳು, ನೀರು ಕುಡಿದಷ್ಟು ಸಲೀಸಾಗಿ ಓದಿದಳು. ನಮ್ಮ ರಕ್ತದಲ್ಲಿದ್ದದ್ದು ತೊಳೆದುಹೋಯಿತು ಎಂದು ಅಜ್ಜಿ ನಿಟ್ಟುಸಿರು ಬಿಟ್ಟಳು. ಆಮೇಲೆ ಮೊಮ್ಮಗಳು. ಬಾಯಿ ಮುಚ್ಚದೆ ಮಾತಾಡುವ ಆ ಹುಡುಗಿಗೆ ಪಟಪಟಿ ಎಂದೇ ಹೆಸರು. ಆರೂವರೆ ವರ್ಷದವಳು ಒಂದು ಮಧ್ಯಾಹ್ನ ಇಸ್ತ್ರಿ ಮೇಜಿನ ಕೆಳಗೆ ಪುಸ್ತಕ ಬಿಡಿಸಿಕೊಂಡು ಕೂತು, "ಅಜ್ಜೀ, ನಿನ್ನೆ ಕಲಿತ ಅಕ್ಷರಾನೇ ಇವತ್ತು ನನ್ನ ಗುರುತೇ ಇಲ್ದಂಗೆ ಕೂತಿದೆ" ಎಂದಳು.

ಅಜ್ಜಿಯ ಕೈ ನಿಂತುಬಿಟ್ಟಿತು. ಸುಟ್ಟ ವಾಸನೆ ಬಂದಾಗಲೇ ಅವಳಿಗೆ ಎಚ್ಚರ. ಡಾಕ್ಟರ ಬಿಳಿ ಅಂಗಿಯ ಬೆನ್ನಿನ ಮೇಲೆ ಇಸ್ತ್ರಿಪೆಟ್ಟಿಗೆಯ ಕಂದು ಗುರುತು. ಅಷ್ಟು ವರ್ಷದಲ್ಲಿ ಅದೇ ಮೊದಲು.

"ಯಾರಿಗೂ ಹೇಳ್ಬೇಡ" ಎಂದಳು. "ಅಮ್ಮಂಗೂ ಬೇಡ."

ಅವತ್ತಿನಿಂದ ಒಂದು ಉಪಾಯ ನಡೆಯಿತು. ಮಗಳು ಬ್ರೆಡ್ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಕೂಡಲೇ, "ನಾಳೆ ಪಾಠ ಒಂದ್ಸಲ ಓದೇ, ನಂಗೂ ಕೇಳೋ ಆಸೆ" ಎನ್ನುವಳು ಅಜ್ಜಿ. ಒಂದು ಸಲ ಕೇಳಿದರೆ ಸಾಕು. ಮರುದಿನ ಬೆಳಿಗ್ಗೆ ಇಸ್ತ್ರಿಯ ತಾಳಕ್ಕೆ ಸಾಲು ಸಾಲಾಗಿ ಹೇಳಿಕೊಡುವಳು. ಪಟಪಟಿ ತಿರುಗಿ ಒಪ್ಪಿಸುವಳು. ಎಲ್ಲಿ ಬೆರಳು ಇಡಬೇಕು, ಎಲ್ಲಿ ಹಾಳೆ ತಿರುಗಿಸಬೇಕು, ಅದೂ ಲೆಕ್ಕ. ಶಾಲೆಯಲ್ಲಿ ಚಪ್ಪಾಳೆ ಸಿಕ್ಕಿತು. ಮನೆ ಬಾಗಿಲಿಗೆ ವ್ಯಾನಿನ ಸದ್ದು ಬಂದರೆ ಮಾತ್ರ ಅಜ್ಜಿ ಮಗುವನ್ನು ಬಟ್ಟೆಗಂಟುಗಳ ಹಿಂದೆ ಕೂರಿಸುತ್ತಿದ್ದಳು. ತರಕಾರಿ ವ್ಯಾನಾದರೂ ಸರಿ.

ಒಂದೂವರೆ ವರ್ಷ ಕಳೆಯಿತು. ಒಂದು ದಿನ ಟೀಚರ್ ತರಗತಿಯಲ್ಲಿ ಅರಿಯದೆ ಪಟಪಟಿಯ ಪುಸ್ತಕದ ಎರಡು ಹಾಳೆ ಒಟ್ಟಿಗೆ ತಿರುವಿದರು. ಪುಟದಲ್ಲಿ ಆನೆಯ ಪಾಠ. ಪಟಪಟಿ ಹಡಗಿನ ಪಾಠವನ್ನೇ ಸರಾಗವಾಗಿ ಓದುತ್ತಿದ್ದಳು. ಮಕ್ಕಳು ಗೊಳ್ಳೆಂದರು. ಟೀಚರ್ ನಗಲಿಲ್ಲ. ಒಂದು ಚೀಟಿ ಬರೆದು ಕಳಿಸಿದರು.

ಅಜ್ಜಿ, ಮೊಮ್ಮಗಳು ಆ ಚೀಟಿಯನ್ನು ನಡುವೆ ಇಟ್ಟುಕೊಂಡು ಕೂತರು. ಇಬ್ಬರಿಗೂ ಓದಲು ಬಾರದು.

"ಏನಿರ್ಬಹುದಜ್ಜಿ?"

"ಏನೂ ಇಲ್ಲ" ಎಂದು ಅಜ್ಜಿ ಅದನ್ನು ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಹಾಕಿದಳು. ಎರಡನೆಯ ಚೀಟಿಗೂ ಅದೇ ಗತಿ. ಮೂರನೆಯ ಸಲ ಟೀಚರ್ ತಾವೇ ಬಂದರು. ಮಗಳೂ ಮನೆಯಲ್ಲಿದ್ದಳು.

"ನಿಮ್ಮ ಮಗು ಜಾಣೆ. ಆದ್ರೆ ಇಂಥ ಮಕ್ಕಳಿಗೆ ಬೇರೆ ಶಾಲೆ ಇದೆ..."

ಮಾತು ಮುಗಿಯುವ ಮೊದಲೇ ಅಜ್ಜಿ ಮಗುವನ್ನು ಎಳೆದುಕೊಂಡು ಒಳಕೋಣೆಗೆ ಹೋಗಿ ಚಿಲಕ ಹಾಕಿದಳು. ಮಗಳು ಬಾಗಿಲು ಬಡಿದಳು. "ಅಮ್ಮಾ, ಏನಾಗಿದೆ ನಿಂಗೆ?" ಆಗಲೇ ಅಜ್ಜಿ ಬಾಗಿಲಿನ ಆ ಕಡೆಯಿಂದ, ಅಣ್ಣನ ಕಥೆಯನ್ನು ಮೊದಲ ಸಲ ಹೇಳಿದ್ದು. ಕಡೆಗೆ, "ನಂಗೂ ಬರಲ್ಲ ಕಣೇ" ಎಂದಳು. ಮಗಳು ಬಾಗಿಲಿಗೆ ಒರಗಿ ಕೂತು, "ಒಂದ್ಸಲ ನೋಡ್ಕೊಂಡು ಬರೋಣಮ್ಮಾ, ಮೂವರೂ ಒಟ್ಟಿಗೆ" ಎಂದಳು.

ಆ ಶಾಲೆ ಇದ್ದದ್ದು ಬಸ್ಸಿನಲ್ಲಿ ಮೂರು ಗಂಟೆಯ ದಾರಿಯಲ್ಲಿ, ಬೇರೆ ಊರಲ್ಲಿ. ಮೂವರೂ ಹೋದರು, ಮಗಳು ನಡೆದದ್ದನ್ನೆಲ್ಲ ಹೇಳಿದಳು. ಅಲ್ಲಿಯ ಮೇಡಂ ಹತ್ತು ಪದ ಹೇಳಿ, ತಿರುಗಿ ಹೇಳು ಎಂದರು. ಪಟಪಟಿ ಹತ್ತೂ ಹೇಳಿದಳು. ಹಿಂದಿನಿಂದ ಅಜ್ಜಿ ಅದನ್ನೇ ಕಡೆಯಿಂದ ಮೊದಲಿಗೆ ಹೇಳಿದಳು.

"ಅಜ್ಜಿ, ಪರೀಕ್ಷೆ ಮಗೂಗೆ, ನಿಮಗಲ್ಲ!"

"ಈ ಓದು ಬರದೇ ಇರೋದು ನನ್ನಿಂದ ಬಂತಾ ತಾಯಿ?"

ಮೇಡಂ ಪೆನ್ನು ಕೆಳಗಿಟ್ಟರು. "ಒಂದಿಷ್ಟು ರಕ್ತದಲ್ಲೇ ಬರುತ್ತಜ್ಜಿ. ಈ ಒಳ್ಳೆ ಕಿವೀನೂ ನಿಮ್ಮಿಂದಲೇ ಬಂದಿರ್ಬಹುದು, ಅದನ್ನ ಪಳಗಿಸಿದ್ದಂತೂ ನೀವೇ. ಆದ್ರೆ ಬಂದಿದ್ದು ಬಂದ ಹಾಗೇ ಇರ್ಬೇಕು ಅಂತಿಲ್ಲ. ಹೇಗೆ ಕಲಿಸ್ತೀವಿ, ಮನೇಲಿ ಹೇಗೆ ನೋಡ್ಕೋತೀವಿ, ಅದೂ ಅಷ್ಟೇ ಮುಖ್ಯ. ನೀವು ಬಚ್ಚಿಟ್ಟು ಒಂದೂವರೆ ವರ್ಷ ಹೋಯ್ತು. ಇನ್ನು ತಡ ಮಾಡ್ಬೇಡಿ."

"ರಾತ್ರಿ ಇಲ್ಲೇ ಇಟ್ಕೋತೀರಾ?"

"ಇಲ್ಲಜ್ಜಿ. ನಾಲ್ಕು ಗಂಟೆಗೆ ಮನೆಗೆ."

"ಅಣ್ಣನಿಗೂ ರಜಕ್ಕೆ ಮನೆಗೆ ಅಂದಿದ್ರು" ಎಂದಳು ಅಜ್ಜಿ. ಮಗುವನ್ನು ಹತ್ತಿರ ಎಳೆದುಕೊಂಡು, "ಮಗು ಒಂದೇ ಬರಲ್ಲ. ನಾನೂ ಬರ್ತೀನಿ. ನಿಮ್ಮ ಗೇಟಿನ ಹತ್ರ ಇಸ್ತ್ರಿ ಮೇಜು ಹಾಕ್ಕೋತೀನಿ."

ಮಗಳು ಆ ಊರಲ್ಲೇ ಕೆಲಸ ಹುಡುಕಿ, ಬಾಡಿಗೆ ಕೋಣೆ ಹಿಡಿದು, ಸಾಮಾನಿನ ಜೊತೆ ಮುಂದೆ ಹೋದಳು. ಹೊರಡುವ ಬೆಳಿಗ್ಗೆ ಖಾಲಿ ಮನೆಯಲ್ಲಿ ಅಜ್ಜಿ ಸೂಜಿ ತೆಗೆದಳು. ನಲವತ್ತು ಮನೆಗೆ ಗುರುತು ಕೊಟ್ಟವಳು ತನ್ನ ಮನೆಗೆ ಕೊಟ್ಟಿರಲಿಲ್ಲ. ಪಟಪಟಿಯ ಫ್ರಾಕಿನ ಕಾಲರಿನೊಳಗೆ ಹಳದಿ ದಾರದ ಮೂರು ಹೊಲಿಗೆ ಹಾಕಿದಳು. ತನ್ನ ಸೆರಗಿನ ತುದಿಗೂ ಅದೇ ಮೂರು.

"ಇದ್ಯಾರ ಗುರುತಜ್ಜಿ?"

"ನಮ್ದು. ನನ್ನ ಕೈಯಿಂದ ಇವತ್ತಿನವರೆಗೆ ಒಂದು ಕರ್ಚೀಫೂ ಕಳೆದಿಲ್ಲ, ತಿಳೀತಾ?"

ಅಣ್ಣ ದಾಟಿದ ಹೊಸಿಲು. ಬೀದಿಯ ಕೊನೆಯಲ್ಲಿ ಬಸ್ಸು ನಿಂತಿತ್ತು. ಅದೂ ಬಿಳಿ. ಅಜ್ಜಿಯ ಕಾಲುಗಳು ಅಲ್ಲೇ ನಿಂತವು.

"ಅಜ್ಜೀ, ಕೈ ನೋಯ್ತಿದೆ. ಸ್ವಲ್ಪ ಸಡಿಲ ಬಿಡು."

"ಬಿಡಲ್ಲ" ಎಂದು ಅಜ್ಜಿ ಹೊಸಿಲು ದಾಟಿದಳು.